ಓಕುಳಿ ಕುಡಿದ ನಲ್ಲಿ

ಹೋದ ವಾರ ತುಮಕೂರಿನಲ್ಲಿ ಅವರ ಶ್ರದ್ಧಾಂಜಲಿ ಸಭೆ ನಡೆಯಿತು. ಫೋಟೋಗೆ ಸುಗಂಧರಾಜದ ದಪ್ಪ ಹಾರ, ಮುಂದೊಂದು ದೀಪ, ಪಕ್ಕದಲ್ಲಿ ಕೊರ್ರೆನ್ನುವ ಮೈಕು. ನಮ್ಮ ವಿದ್ಯಾಸಂಸ್ಥೆಯ ಕಾರ್ಯದರ್ಶಿಗಳು ಎದ್ದು ನಿಂತು, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಹೇಳಿದರು: ‘ಮೇಡಂ ಬಹಳ ಶಾಂತ ಸ್ವಭಾವದವರು. ಯಾರ ತಂಟೆಗೂ ಹೋದವರಲ್ಲ. ತಾವಾಯಿತು, ತಮ್ಮ ಪಾಠವಾಯಿತು.’

ನನಗೆ ಮೈಯೆಲ್ಲ ಉರಿದುಹೋಯಿತು. ಶಾಂತ ಸ್ವಭಾವವಂತೆ! ಯಾರ ತಂಟೆಗೂ ಹೋದವರಲ್ಲವಂತೆ! ಈ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಗೊತ್ತಿಲ್ಲದೆ ಆಡಿದರು ಅಂದುಕೊಳ್ಳಬಹುದಿತ್ತು. ಇವರಿಗೆ ಗೊತ್ತಿಲ್ಲವೇ? ಆಕೆ ಯಾರ ತಂಟೆಗೆ ಹೋಗಿದ್ದರೋ ಅದೇ ಮನುಷ್ಯ ಎದುರಿಗೆ ನಿಂತು ಹೂವು ಹಾಕುತ್ತಿದ್ದರು. ನನ್ನ ಸರದಿ ಬಂದಾಗ ಎದ್ದು ಹೋಗಿ, ‘ಅವರು ಶಾಂತರಾಗಿರಲಿಲ್ಲ’ ಎಂದು ಶುರುಮಾಡಿದೆ. ನಿರೂಪಕರು ಹತ್ತಿರ ಬಂದು, ‘ಸಾರ್, ಟೈಮ್ ಆಗ್ತಿದೆ, ಚಿಕ್ಕದಾಗಿ ಮುಗಿಸಿ’ ಎಂದು ಕಿವಿಯಲ್ಲಿ ಹೇಳಿ ಮೈಕನ್ನು ಮೆಲ್ಲಗೆ ತಮ್ಮ ಕಡೆಗೆ ತಿರುಗಿಸಿಕೊಂಡರು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಮೈಕು ನನ್ನ ಕೈಯಲ್ಲಿದೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಅದನ್ನೇ ಯಾವುದೋ ಕೊಠಡಿಯ ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿಸಿ, ಕೆಳಗೆ ದಾನಿಗಳ ಹೆಸರನ್ನು ಅದಕ್ಕಿಂತ ದಪ್ಪಕ್ಷರದಲ್ಲಿ ಹಾಕಿಸಿಬಿಡುತ್ತಾರೆ. ಗುಬ್ಬಿಯ ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದರು ಅಂದರೆ ಸಾಕು. ಹುಡುಗರು ‘ಕುಕ್ಕರ್ ಮೇಡಂ’ ಎನ್ನುತ್ತಿದ್ದರು. ಒತ್ತಡದ ಪಾಠದ ಮೊದಲ ದಿನ ಮನೆಯಿಂದ ಕುಕ್ಕರನ್ನೇ ಹೊತ್ತು ತರುತ್ತಿದ್ದರು. ಒಮ್ಮೆ ಅದು ಕ್ಲಾಸಿನಲ್ಲಿ ಸೀಟಿ ಹೊಡೆದು, ಪಕ್ಕದ ಕೊಠಡಿಯಲ್ಲಿ ನನ್ನ ಹಳಗನ್ನಡ ಪಾಠ ಕೇಳುತ್ತಿದ್ದ ಹುಡುಗರೆಲ್ಲ ಊಟದ ಬೆಲ್ಲೆಂದು ಎದ್ದುಬಿಟ್ಟಿದ್ದರು. ನಾನು ಹೋಗಿ ಜಗಳ ಆಡಿದೆ. ಆಕೆ ಕುಕ್ಕರಿನ ಬೇಳೆಯನ್ನು ನನಗೊಂದು ಡಬ್ಬಿಯಲ್ಲಿ ಹಾಕಿಕೊಟ್ಟು ಕಳಿಸಿದರು. ಬೇಳೆಗೆ ಉಪ್ಪಿರಲಿಲ್ಲ. ಅವರ ಅಡುಗೆ ಎಂದೂ ಚೆನ್ನಾಗಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಗಿಡ್ಡ ಆಳು. ಕಾಟನ್ ಸೀರೆ, ಹಣೆಯಲ್ಲಿ ಅರ್ಧ ಅಳಿಸಿದ ವಿಭೂತಿ, ಹೆಗಲಲ್ಲಿ ಬಟ್ಟೆಯ ಚೀಲ. ಚೀಲದಲ್ಲಿ ಗಾರೆಯವರು ಗೋಡೆಯ ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು ಸುರುಳಿ ಸುತ್ತಿಕೊಂಡು ಕೂತಿರುತ್ತಿತ್ತು. ಬೇರೆ ಹೆಂಗಸರ ಚೀಲದಲ್ಲಿ ಕೊಡೆ ಇರುವ ಹಾಗೆ. ಇನ್ನೊಂದು ಅಭ್ಯಾಸ: ಏನನ್ನೇ ಅಳೆಯಬೇಕಾದರೂ ಮಂಡಿ ಬಗ್ಗಿಸಿ, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣನ್ನು ಅದರ ಮಟ್ಟಕ್ಕೇ ತರುತ್ತಿದ್ದರು. ‘ಮೇಲಿಂದ ನೋಡಿದ್ರೆ ಒಂದು ಕಾಣುತ್ತೆ, ಕೆಳಗಿಂದ ನೋಡಿದ್ರೆ ಇನ್ನೊಂದು. ಸಮಕ್ಕೆ ಬಂದು ನೋಡ್ಬೇಕು’ ಎನ್ನುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಕಾಫಿ ಬಗ್ಗಿಸುವಾಗಲೂ ಹೀಗೇ ಮಂಡಿ ಬಗ್ಗಿಸಿ ಲೋಟ ನೋಡುತ್ತಿದ್ದರು. ಹೊಸದಾಗಿ ಬಂದವರು ಅವರಿಗೆ ಸೊಂಟನೋವು ಅಂದುಕೊಳ್ಳುತ್ತಿದ್ದರು.

ಮಾತಿಗೆ ಮೊದಲು ಒಂದು ಪ್ರಶ್ನೆ ಇರುತ್ತಿತ್ತು. ನಾನು ಕೆಲಸಕ್ಕೆ ಸೇರಿದ ದಿನ, ಮಾತಾಡಲು ಏನೂ ತೋಚದೆ, ‘ನಮ್ಮದು ಬೆಳ್ಳಾವಿ ಕಡೆ ಮೇಡಂ. ಅಲ್ಲಿ ಬಿಸಿಲು ಜಾಸ್ತಿ’ ಎಂದೆ.

‘ಯಾವುದಕ್ಕಿಂತ?’

‘ಅಂದ್ರೆ?’

‘ಜಾಸ್ತಿ ಅಂದ್ರಲ್ಲ ಮೇಷ್ಟ್ರೇ. ಗುಬ್ಬಿಗಿಂತಲೋ, ತುಮಕೂರಿಗಿಂತಲೋ, ನಿನ್ನೆಗಿಂತಲೋ?’

ಎಂಥ ಹೆಂಗಸಪ್ಪಾ ಎಂದು ಎರಡು ದಿನ ಮಾತೇ ಆಡಲಿಲ್ಲ. ಆಮೇಲೆ ತಿಳಿಯಿತು, ಆಕೆಗೆ ಅದು ತಮಾಷೆಯಲ್ಲ. ಅವರು ಅಳೆಯುತ್ತಿದ್ದ ಒತ್ತಡ ಅಂದರೆ ಯಾವಾಗಲೂ ಒಂದಕ್ಕಿಂತ ಇನ್ನೊಂದು ಎಷ್ಟು ಎನ್ನುವುದೇ. ಟೈರಿನ ಗಾಳಿ ಇಷ್ಟು ಎಂದು ಪಂಕ್ಚರ್ ಅಂಗಡಿಯವನ ಮೀಟರು ತೋರಿಸಿದರೆ, ಹೊರಗಿನ ಗಾಳಿಗಿಂತ ಇಷ್ಟು ಹೆಚ್ಚು ಎಂದರ್ಥ. ಇದನ್ನು ನನಗೆ ಬಿಡಿಸಿ ಹೇಳಿದ್ದು ಬೆಳ್ಳಾವಿ ಬಸ್ಸಿನಲ್ಲಿ, ಮುಂದಿನ ಸೀಟಿನವರೆಲ್ಲ ತಿರುಗಿ ನೋಡುವಷ್ಟು ದೊಡ್ಡ ದನಿಯಲ್ಲಿ. ಅದೇ ಬಸ್ಸಿನಲ್ಲಿ ಯಾರೋ ತಾಯಿ, ‘ನಮ್ಮ ಹುಡುಗಿ ಬಲು ಚುರುಕು’ ಎಂದದ್ದಕ್ಕೆ, ‘ಯಾರಿಗಿಂತಮ್ಮಾ?’ ಎಂದು ಕೇಳಿ ಜಗಳ ತಂದುಕೊಂಡರು. ನೋಡಿ, ತಂಟೆಗೆ ಹೋಗದವರು!

ಒಮ್ಮೆ ಹುಡುಗರನ್ನು ಕಡಬದ ಕೆರೆಗೆ ಕರೆದುಕೊಂಡು ಹೋದರು. ನಾನೂ ಜೊತೆಗೆ. ಒಂದು ಆಲಿಕೆಯ ಬಾಯಿಗೆ ಬಲೂನಿನ ರಬ್ಬರು ಬಿಗಿದು, ಅದರ ಬಾಲಕ್ಕೆ ಆ ಗಾರೆ ಪೈಪು ಸೇರಿಸಿ, ಪೈಪಿನ ಇನ್ನೊಂದು ತುದಿಯನ್ನು ಹಲಗೆಯ ಮೇಲೆ ಉಯ್ಯಾಲೆಯ ಹಗ್ಗದ ಹಾಗೆ ಬಗ್ಗಿಸಿ, ಆ ಬಾಗಿನಲ್ಲಿ ಬಣ್ಣದ ನೀರು ತುಂಬಿದ್ದರು. ಆಲಿಕೆಯನ್ನು ನೀರಿಗೆ ಇಳಿಸಿದರೆ ನೀರು ರಬ್ಬರನ್ನು ಒತ್ತುತ್ತದೆ, ಬಣ್ಣದ ನೀರು ಒಂದು ಕಡೆ ಇಳಿದು ಇನ್ನೊಂದು ಕಡೆ ಏರುತ್ತದೆ. ಎಷ್ಟು ಏರಿತೋ ಅಷ್ಟು ಒತ್ತಡ. ಕೆರೆಯಲ್ಲಿ ಒಂದು ಮೊಳ ಇಳಿಸಿ ಗುರುತು ಹಾಕಿದರು. ಆಮೇಲೆ ಪಕ್ಕದ ತೋಟದ ಬಾವಿಯಲ್ಲಿ ಒಂದು ಮೊಳ ಇಳಿಸಿದರು. ಬಣ್ಣದ ನೀರು ಅದೇ ಗುರುತಿಗೆ ಬಂದು ನಿಂತಿತು. ತೋಟದ ಯಜಮಾನರು ಕಾಯಿ ಸುಲಿಯುತ್ತಿದ್ದವರು ಎದ್ದು ಬಂದರು.

‘ಏನವ್ವಾ, ಇಷ್ಟಗಲ ಕೆರೆಯೂ ನನ್ ಬಾವಿಯೂ ಒಂದೇ ಅಂತೀಯಲ್ಲ!’

‘ಆಳ ಒಂದೇ ಆದ್ರೆ ಒತ್ತೋದು ಒಂದೇ ಕಣಪ್ಪಾ. ಎಷ್ಟು ಅಗಲ ಅಂತ ನೀರು ಕೇಳಲ್ಲ.’

‘ಹಂಗಾರೆ ಕೆರೆ ದೊಡ್ಡದಾಗಿ ಏನ್ ಬಂತು?’

‘ಜಾಸ್ತಿ ಜನ ಕುಡೀಬಹುದು’ ಎಂದರು ಮೇಡಂ.

ಯಜಮಾನರು ನಕ್ಕು ಎಲ್ಲರಿಗೂ ಎಳನೀರು ಕೆತ್ತಿಕೊಟ್ಟರು. ಹುಡುಗರಿಗೆ ಅವತ್ತು ಪಾಠ ಎಷ್ಟು ಹತ್ತಿತೋ, ಎಳನೀರು ಮಾತ್ರ ಚೆನ್ನಾಗಿತ್ತು.

ಈಗ ನಮ್ಮ ಬೀದಿಯ ವಿಷಯಕ್ಕೆ ಬರುತ್ತೇನೆ. ನಾವಿಬ್ಬರೂ ಗುಬ್ಬಿಯ ಒಂದೇ ಬೀದಿಯಲ್ಲಿ ಇದ್ದೆವು. ನಾನು ಬಾಡಿಗೆಗೆ, ಆಕೆ ಸ್ವಂತ ಮನೆಯಲ್ಲಿ. ಬೀದಿ ಇಳಿಜಾರು, ಅವರ ಮನೆ ಕಟ್ಟಕಡೆಯದು. ನಲ್ಲಿ ನೀರು ದಿನಾ ಬರುವುದಿಲ್ಲ, ಬಿಡುವ ದಿನ ಬೆಳಿಗ್ಗೆ ಬಿಡುತ್ತಾರೆ. ಆ ದಿನ ನಮ್ಮ ಬೀದಿಯಲ್ಲಿ ಭಕ್ತಿ ಉಕ್ಕಿ ಹರಿಯುತ್ತಿತ್ತು. ಮನೆಮನೆಯಲ್ಲೂ ಭಕ್ತಿಗೀತೆ, ಅದೂ ಗೋಡೆ ನಡುಗುವ ಹಾಗೆ. ಹೊಸದಾಗಿ ಬಂದ ನಾನು, ಎಂಥ ಶಿವಭಕ್ತರ ಬೀದಿ ಎಂದು ಕೈ ಮುಗಿದಿದ್ದೆ. ಅಸಲು ವಿಷಯ ಬೇರೆ. ಪ್ರತಿ ಮನೆಯವರೂ ಊರಿನ ಪೈಪಿಗೆ ನೇರವಾಗಿ ಮೋಟರ್ ಕೂರಿಸಿ ನೀರನ್ನು ನೆಲದಡಿಯ ಸಂಪಿನೊಳಕ್ಕೆ ಎಳೆದುಕೊಳ್ಳುತ್ತಿದ್ದರು. ಹಾಗೆ ಎಳೆಯಬಾರದು, ಅದಕ್ಕೇ ಮೋಟರಿನ ಮೇಲೆ ಗೋಣಿಚೀಲ, ಅದರ ಸದ್ದಿನ ಮೇಲೆ ಭಕ್ತಿಗೀತೆ. ಪಕ್ಕದವರು ಮೋಟರ್ ಇಟ್ಟ ಮೇಲೆ ಇವರಿಗೆ ನೀರು ಸಣ್ಣಗಾಗುತ್ತದೆ. ಇವರು ಅದಕ್ಕಿಂತ ದೊಡ್ಡದು ತರುತ್ತಾರೆ. ಅವರು ಇನ್ನೂ ದೊಡ್ಡದು. ನನ್ನ ಮನೆ ಓನರೂ ಇಟ್ಟಿದ್ದರು, ಸ್ವಿಚ್ ಒತ್ತುತ್ತಿದ್ದವನು ನಾನೇ. ಎಲ್ಲರಿಗೂ ಎಲ್ಲ ಗೊತ್ತು, ಬಾಯಿ ಬಿಡುವವರು ಯಾರೂ ಇಲ್ಲ. ಮೋಟರ್ ಇಲ್ಲದ ಮನೆ ಮೇಡಂದು ಒಂದೇ. ಅವರು ಬೋರ್‌ವೆಲ್ಲಿನ ಕೈಪಂಪಿಗೆ ಬಿಂದಿಗೆ ಹಿಡಿದು ಹೋಗುತ್ತಿದ್ದರು.

ಬೀದಿಯಲ್ಲಿ ಎಲ್ಲಕ್ಕಿಂತ ದೊಡ್ಡ ಮೋಟರು ಕಾರ್ಯದರ್ಶಿಗಳದು. ಹೌದು, ಅದೇ ಕಾರ್ಯದರ್ಶಿಗಳು. ಕೊಬ್ಬರಿ ವ್ಯಾಪಾರ, ದೊಡ್ಡ ಮನೆ, ಮೇಡಂ ಮನೆಗೆ ಎರಡೇ ಮನೆ ಮೇಲೆ. ಅವರು ಇಟ್ಟ ಮೋಟರ್ ಕೂಡ ಸಾಲದಾಗಿ ಬರಿ ಗಾಳಿ ಎಳೆಯತೊಡಗಿದಾಗ ಅವರಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಯಾರ ಮೇಲೆ? ವಾಲ್ವ್ ತಿರುಗಿಸಿ ನೀರು ಬಿಡುವ ರಂಗಪ್ಪನ ಮೇಲೆ.

ರಂಗಪ್ಪ ಗುತ್ತಿಗೆಯ ಮೇಲೆ ಇದ್ದವನು. ಉದ್ದನೆಯ ವಾಲ್ವ್ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದ. ಮೇಲಿನ ಬೀದಿಯವರಿಂದ ಏನೋ ಇಸಕೊಂಡು ನಮಗೆ ನೀರು ತಪ್ಪಿಸುತ್ತಾನೆ ಎಂದು ಕಾರ್ಯದರ್ಶಿಗಳು ಪಂಚಾಯಿತಿ ಆಫೀಸಿಗೆ ಒಂದು ದೂರು ಬರೆಸಿದರು. ಬೀದಿಯವರೆಲ್ಲ ಸಹಿ ಹಾಕಿದರೆ ಅವನ ಕೆಲಸ ಹೋದಂತೆಯೇ. ಅವನು ನನ್ನ ಮನೆ ಬಾಗಿಲಿಗೆ ಬಂದು ನಿಂತ.

‘ಸಾ, ನಾನು ವಾಲ್ವ್ ಪೂರ್ತಿ ತಿರುಗಿಸ್ತೀನಿ. ನಮ್ಮವ್ವನಾಣೆ. ಈ ಕೆಲ್ಸ ಹೋದ್ರೆ ಈ ವಯಸ್ಸಲ್ಲಿ ಯಾರು ಕರೀತಾರೆ? ಅದೂ ಹೋಗ್ಲಿ ಬುಡಿ. ಕಳ್ಳ ಅಂತ ಹೆಸರು ಹೊತ್ಕಂಡು ಇದೇ ಬೀದೀಲಿ ಹೆಂಗ್ ಓಡಾಡ್ಲಿ?’

‘ಮೋಟರ್ ವಿಷಯ ಹೇಳೋದು ತಾನೆ ರಂಗಪ್ಪಾ.’

‘ಯಾರ ಮುಂದೆ ಹೇಳ್ಲಿ ಸಾ? ಕೇಳೋರ ಮನೇಲೂ ಐತೆ.’

ದೂರಿನ ಹಾಳೆಯಲ್ಲಿ ಕೊನೆಗೆ ಎರಡು ಸಹಿ ಬಾಕಿ ಉಳಿದವು, ನನ್ನದು ಮತ್ತು ಮೇಡಂದು. ‘ನಿಮ್ಮ ಸಹೋದ್ಯೋಗಿ ಅಲ್ವೇ ಮೇಷ್ಟ್ರೇ, ನೀವೇ ಹೋಗಿ ಮಾಡಿಸ್ಕೊಂಡು ಬನ್ನಿ’ ಎಂದು ಕಾರ್ಯದರ್ಶಿಗಳು ನನ್ನನ್ನೇ ಕಳಿಸಿದರು. ಮೇಡಂ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ‘ಓದಿ’ ಎಂದರು. ಓದಿದೆ: ರಂಗಪ್ಪ ಎಂಬುವನು ನಮ್ಮ ಬೀದಿಗೆ ಉದ್ದೇಶಪೂರ್ವಕವಾಗಿ ನೀರನ್ನು ಕಡಿಮೆ ಬಿಡುತ್ತಿದ್ದಾನೆ.

‘ಯಾವುದಕ್ಕಿಂತ ಕಡಿಮೆ?’

‘ಮೇಲಿನ ಬೀದಿಗಿಂತ ಅಂತ ಇಟ್ಕೊಳ್ಳಿ.’

‘ಇಟ್ಕೊಳ್ಳೋದಾ? ಅಳೆದವರು ಯಾರು?’

‘ಅಳೆಯೋದೇನು ಮೇಡಂ, ನಲ್ಲೀಲಿ ನೀರು ಬರ್ತಿಲ್ಲ, ಕಣ್ಣಿಗೇ ಕಾಣುತ್ತಲ್ಲ.’

‘ಬರ್ತಿಲ್ಲ ಅನ್ನೋದು ಕಾಣುತ್ತೆ. ರಂಗಪ್ಪ ಬಿಡ್ತಿಲ್ಲ ಅನ್ನೋದು ಎಲ್ಲಿ ಕಾಣ್ತು? ನಿಮ್ಮ ಕಾರ್ಯದರ್ಶಿಗಳಿಗೆ ಹೇಳಿ, ನಾನು ಅಳೀದೇ ಸಹಿ ಹಾಕಲ್ಲ. ಆಫೀಸಿಂದ ಯಾರಾದ್ರೂ ವಿಚಾರಣೆಗೆ ಬರ್ಲಿ, ಅವರ ಮುಂದೇನೇ ಅಳೆದು ತೋರಿಸ್ತೀನಿ.’

‘ಮೇಡಂ, ಅವರು ನಮ್ಮ ಸಂಸ್ಥೆಯ ಕಾರ್ಯದರ್ಶಿ. ನಮ್ಮಿಬ್ಬರ ಕೆಲಸವೂ ಅವರ ಕೈಲಿದೆ’ ಎಂದೆ.

‘ಅದಕ್ಕೇ ರಂಗಪ್ಪನ ಕೆಲಸ ತೆಗೀಬೇಕಾ?’ ಎಂದು ಅವರೆಕಾಯಿಯ ಸಿಪ್ಪೆಯನ್ನು ಮೊರದಿಂದಾಚೆಗೆ ಕೊಡವಿದರು. ನಾನು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಬಂದೆ. ನನ್ನ ಸಹಿಯೂ ಬೀಳಲಿಲ್ಲ.

ಎರಡು ಸಹಿ ಬೀಳದಿದ್ದರೂ ಕಾರ್ಯದರ್ಶಿಗಳು ನನ್ನಿಂದ ಹಾಳೆ ವಾಪಸು ಪಡೆದು ಆಫೀಸಿಗೆ ಕಳಿಸಿದರು. ಮುಂದಿನ ಸಲ ನೀರು ಬಿಡುವ ದಿನ ವಿಚಾರಣೆಗೆ ಒಬ್ಬ ಇಂಜಿನಿಯರ್ ಸಾಹೇಬರು ಬಂದರು. ಹುಡುಗುಮುಖದವರು, ಒಳ್ಳೆಯವರೇ. ಮೊದಲು ಮೇಲೆ ಹೋಗಿ ವಾಲ್ವ್ ನೋಡಿಕೊಂಡು ಬಂದರು. ರಂಗಪ್ಪ ಕೀಲಿ ಹಿಡಿದುಕೊಂಡು ಅವರ ಹಿಂದೆ ನಡೆಯುತ್ತಿದ್ದ. ಕಾರ್ಯದರ್ಶಿಗಳು ಬಿಳಿ ಪಂಚೆ ಉಟ್ಟು, ಕೈ ಹಿಂದೆ ಕಟ್ಟಿಕೊಂಡು ಬೀದಿ ನಡುವೆ ನಿಂತಿದ್ದರು. ಅವರ ಮನೆಯೊಳಗಿಂದ ಭಕ್ತಿಗೀತೆ ಕಿವಿ ಕಿತ್ತುಹೋಗುವಂತೆ ಬರುತ್ತಿತ್ತು.

ಮೇಡಂ ತಮ್ಮ ನಲ್ಲಿಯ ಬಾಯಿಗೆ ಆ ಗಾರೆ ಪೈಪಿನ ಒಂದು ತುದಿ ಕಟ್ಟಿದರು. ಇನ್ನೊಂದು ತುದಿಯನ್ನು ನೆಲದ ಮೇಲಿನ ಬಕೆಟ್ಟಿನಲ್ಲಿ ಮುಳುಗಿಸಿದರು. ಬಕೆಟ್ಟಿನ ತುಂಬ ಅರಿಶಿನ ಸುಣ್ಣ ಕದಡಿದ ಕೆಂಪನೆಯ ಓಕುಳಿ. ಸುತ್ತ ಸೇರಿದ ಹೆಂಗಸರು ನಕ್ಕರು.

‘ಏನ್ ಮೇಡಂ, ಸಾಹೇಬ್ರಿಗೆ ಆರತಿ ಎತ್ತೀರಾ?’

‘ಬೀದಿಗೆ ಎತ್ತುತ್ತೀನಿ. ದೃಷ್ಟಿ ಆಗಿದೆ.’ ಸಾಹೇಬರ ಕಡೆ ತಿರುಗಿದರು. ‘ಸಾರ್, ವಾಲ್ವ್ ನೀವೇ ನೋಡಿದ್ರಿ. ರಂಗಪ್ಪ ಎಷ್ಟು ತೆರೆದಿದಾನೆ?’

‘ಪೂರ್ತಿ ತೆರೆದಿದೆ ಮೇಡಂ.’

‘ಹಾಗಾದ್ರೆ ಈ ನಲ್ಲಿ ತಿರುಗಿಸಿದ್ರೆ ಬಕೆಟ್ ತುಂಬಬೇಕು. ಅಲ್ವೇ? ನೀವೇ ತಿರುಗಿಸಿ.’

ಸಾಹೇಬರು ತಿರುಗಿಸಿದರು. ನಲ್ಲಿ ಒಮ್ಮೆ ಗೊಳಕ್ ಎಂದಿತು. ಆಮೇಲೆ ನಾವು ಹುಟ್ಟಿದಂದಿನಿಂದ ನೋಡದೇ ಇದ್ದದ್ದನ್ನು ನೋಡಿದೆವು. ಬಕೆಟ್ಟಿನ ಓಕುಳಿ ಪೈಪಿನೊಳಗೆ ಮೇಲಕ್ಕೆ ಹತ್ತತೊಡಗಿತು. ಕೆಂಪಗೆ, ಸರಸರನೆ, ನಮ್ಮ ಕಣ್ಣೆದುರಿಗೇ ಹತ್ತಿ ನಲ್ಲಿಯ ಬಾಯೊಳಗೆ ಹೋಗಿಬಿಟ್ಟಿತು. ಬಕೆಟ್ಟಿನ ನೀರು ಗುಟುಕು ಗುಟುಕಾಗಿ ಕಡಿಮೆಯಾಗುತ್ತ ಬಂತು.

‘ಅಯ್ಯೋ ಶಿವನೇ, ನಲ್ಲಿ ನೀರು ಕುಡೀತೈತಲ್ಲೇ!’ ಎಂದಳು ಯಾರೋ.

ಮೇಡಂ ಮಂಡಿ ಬಗ್ಗಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತಲೇ ಹೇಳಿದರು: ‘ಇಲ್ಲಿಗೆ ನೀರು ಬರ್ತಿಲ್ಲ ಅಂತ ದೂರು ಬರ್ದಿದಾರಲ್ಲ ಸಾರ್, ಅದು ತಪ್ಪು. ಇಲ್ಲಿಂದ ನೀರು ಹೋಗ್ತಿದೆ. ಪೈಪಿನ ಒಳಗೆ ಹೊರಗಿನ ಗಾಳಿಗಿಂತ ಒತ್ತಡ ಕಡಿಮೆ ಆಗಿದೆ. ಅದಕ್ಕೇ ಗಾಳಿ ಓಕುಳಿನ ಒಳಕ್ಕೆ ನೂಕ್ತಾ ಇದೆ. ಬಕೆಟ್ ಇಟ್ಟಿದ್ದಕ್ಕೆ ಓಕುಳಿ ಹೋಯ್ತು. ಪೈಪು ಸೀಳಿರೋ ಕಡೆ ಚರಂಡಿ ಹರೀತಿದೆ. ಅಲ್ಲಿಂದ ಏನು ಹೋಗ್ತಿದೆ ಅಂತ ನಾನು ಹೇಳ್ಬೇಕಾ?’

ನಗುತ್ತಿದ್ದ ಹೆಂಗಸರ ಮುಖ ಸಪ್ಪಗಾಯಿತು. ಆ ತಿಂಗಳು ಬೀದಿಯ ಮಕ್ಕಳಿಗೆಲ್ಲ ವಾಂತಿಭೇದಿ ಆಗಿತ್ತು. ಎದುರುಮನೆಯ ಪುಟ್ಟಮ್ಮ ಒಳಗೆ ಹೋಗಿ, ಇನ್ನೊಂದು ಬಕೆಟ್ ಓಕುಳಿ ಕದಡಿ ತಂದಿಟ್ಟಳು. ಅದನ್ನೂ ನಲ್ಲಿ ಕುಡಿಯಿತು.

‘ಇದೆಲ್ಲ ಕಣ್ಕಟ್ಟು’ ಎಂದರು ಕಾರ್ಯದರ್ಶಿಗಳು. ‘ಮೇಡಂ ಕ್ಲಾಸಲ್ಲಿ ಮಾಡೋ ಆಟ ಇಲ್ಲಿ ಮಾಡ್ತಿದಾರೆ. ಎಳೆಯೋಕೆ ಇಲ್ಲಿ ಯಾರಿದಾರೆ? ಕಳ್ಳತನ ಮಾಡಿರೋನು ಕೀಲಿ ಹಿಡ್ಕೊಂಡು ನಿಂತವ್ನೆ, ಅವನನ್ನ ಕೇಳಿ.’

ಅವರ ಮಾತು ಮುಗಿದಿತ್ತೋ ಇಲ್ಲವೋ, ಅವರ ಮನೆಯೊಳಗಿಂದ ಅವರ ಹೆಂಡತಿಯೇ ಸೆರಗು ಸಿಕ್ಕಿಸಿಕೊಂಡು ಓಡಿಬಂದರು. ‘ರೀ, ಬನ್ರೀ ಬೇಗ! ಸಂಪಿಗೆ ನೀರು ಕೆಂಪಗೆ ಬೀಳ್ತಾ ಇದೆ! ಮೋಟರ್ ಆಫ್ ಮಾಡ್ಲಾ?’

ಬೀದಿಗೆ ಬೀದಿಯೇ ಕಾರ್ಯದರ್ಶಿಗಳ ಕಡೆ ತಿರುಗಿತು. ಭಕ್ತಿಗೀತೆ ಇನ್ನೂ ಹಾಡುತ್ತಲೇ ಇತ್ತು. ರಂಗಪ್ಪ ಕೀಲಿಯನ್ನು ನೆಲಕ್ಕೆ ಊರಿ, ಅದನ್ನೇ ಹಿಡಿದುಕೊಂಡು ಮೆಲ್ಲನೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಅಳುತ್ತಿದ್ದನೋ ನಗುತ್ತಿದ್ದನೋ ಹೇಳಲಾರೆ. ನಾನಂತೂ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಾರ್ಯದರ್ಶಿಗಳು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ, ಈಗಲೂ ನಗು ಬರುತ್ತದೆ.

ರಂಗಪ್ಪನ ಕೆಲಸ ಉಳಿಯಿತು. ಸಾಹೇಬರು ನಿಂತು ಬೀದಿಯ ಮೋಟರುಗಳನ್ನೆಲ್ಲ ಬಿಚ್ಚಿಸಿದರು. ನಮ್ಮ ಓನರದನ್ನು ನಾನೇ ಬಿಚ್ಚಿದೆ. ಎಲ್ಲ ಬಿಚ್ಚಿದ ಮೇಲೆ ಮೇಡಂ ಬಕೆಟ್ಟಿನಲ್ಲಿದ್ದ ಪೈಪಿನ ತುದಿಯನ್ನು ಗೋಡೆಯ ಮೇಲಕ್ಕೆ ಎತ್ತಿ ಹಿಡಿಸಿದರು. ಈ ಸಲ ನೀರು ತನ್ನಷ್ಟಕ್ಕೆ ತಾನು ಹತ್ತಿತು. ಸೊಂಟದೆತ್ತರ, ಕಿಟಕಿಯೆತ್ತರ, ಕಿಟಕಿ ಮೇಲಿನ ಸಜ್ಜಾದವರೆಗೆ ಹತ್ತಿ ನಿಂತಿತು. ಮೇಡಂ ಸ್ಟೂಲು ತರಿಸಿ, ಹತ್ತಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡಿ, ಅಲ್ಲಿಗೊಂದು ಕೆಂಪು ಗೀಟು ಎಳೆದರು. ಆ ಪೈಪನ್ನು ಮತ್ತೆ ಇಳಿಸಲೇ ಇಲ್ಲ. ನಲ್ಲಿಗೊಂದು ಕವಲು ಹಾಕಿಸಿ, ಗೋಡೆಗೆ ಕ್ಲಿಪ್ ಹೊಡೆಸಿ, ತುದಿ ತೆರೆದೇ ಇಟ್ಟರು. ಬೀದಿಯಲ್ಲಿ ಯಾರೇ ಕದ್ದು ಮೋಟರ್ ಹಾಕಲಿ, ಆ ಪೈಪಿನಲ್ಲಿ ನೀರು ಕುಸಿಯುತ್ತದೆ, ಎಲ್ಲರಿಗೂ ಕಾಣುತ್ತದೆ. ಬೀದಿಯಲ್ಲಿ ಅದಕ್ಕೊಂದು ಲೆಕ್ಕವೇ ಹುಟ್ಟಿಕೊಂಡಿತು. ‘ಇವತ್ತು ಕಿಟಕಿ ತಂಕ ಐತೆ’, ‘ಇವತ್ತು ಸಜ್ಜಾ ಮುಟ್ಟೈತೆ’ ಎಂದು ಹೆಂಗಸರು ಹೇಳಿಕೊಳ್ಳುತ್ತಿದ್ದರು. ಮೇಡಂಗೆ ಅದು ಕೇಳಿ ಬಹಳ ಖುಷಿ. ‘ಇವರು ಒತ್ತಡ ಅಳೀತಿದಾರೆ ಮೇಷ್ಟ್ರೇ. ನಮ್ಮ ಹುಡುಗರು ಪರೀಕ್ಷೆಗೆ ಬಾಯಿಪಾಠ ಮಾಡ್ತಾರೆ, ಇವರು ಅಳೀತಿದಾರೆ.’

ಮೋಟರು ಬಿಚ್ಚಿಸಿದ ಆ ವಾರವೇ ಮೇಡಂಗೆ ಕುಣಿಗಲ್ಲಿನ ನಮ್ಮ ಸಂಸ್ಥೆಯ ಇನ್ನೊಂದು ಕಾಲೇಜಿಗೆ ವರ್ಗವಾಯಿತು. ಆಡಳಿತಾತ್ಮಕ ಕಾರಣವಂತೆ. ಎಲ್ಲರಿಗೂ ಕಾರಣ ಗೊತ್ತು. ಕಾರ್ಯದರ್ಶಿಗಳು ನನ್ನನ್ನು ಕರೆದು, ‘ಒಂದು ಮಾತು ಸಾರಿ ಅಂತ ಹೇಳಿ, ಆ ಪೈಪು ತೆಗೆದುಬಿಡಲಿ. ನಾಳೆಯೇ ಆರ್ಡರ್ ಕ್ಯಾನ್ಸಲ್ ಮಾಡಿಸ್ತೀನಿ’ ಎಂದರು. ನಾನು ಹೋಗಿ ಹೇಳಿದೆ. ಹೇಳಬೇಡ ಎಂದು ನನ್ನ ಮನಸ್ಸು ಹೇಳುತ್ತಿದ್ದರೂ, ಆಕೆ ಊರು ಬಿಟ್ಟು ಹೋಗುವುದು ನನಗೆ ಬೇಕಿರಲಿಲ್ಲ.

‘ಓಕುಳಿ ನಂದು, ಸಂಪು ಅವರದು, ಮಧ್ಯದ ಪೈಪು ಊರಿನದು. ಇದರಲ್ಲಿ ಸಾರಿ ಹೇಳ್ಬೇಕಾದವರು ಯಾರು ಮೇಷ್ಟ್ರೇ? ನೀವು ಕನ್ನಡ ಓದಿದೋರು, ನೀವೇ ಹೇಳಿ.’

‘ದಿನಾ ಕುಣಿಗಲ್ಲಿಗೆ ಹೇಗೆ ಹೋಗ್ತೀರಿ? ಅಲ್ಲೇ ಒಂದು ಮನೆ ಮಾಡಿ.’

‘ಮನೆ ಯಾಕೆ ಮಾಡ್ಲಿ? ನಾನು ಅಲ್ಲಿ ಮನೆ ಮಾಡ್ದೆ ಅಂದ್ರೆ ಇಲ್ಲಿ ಪೈಪು ಇಳೀತು ಅಂತಲೇ ಅರ್ಥ.’

ನಿವೃತ್ತಿಯಾಗುವ ತನಕ ಗುಬ್ಬಿಯಿಂದ ತುಮಕೂರು, ತುಮಕೂರಿನಿಂದ ಹೆಬ್ಬೂರಿನ ಮೇಲೆ ಕುಣಿಗಲ್ಲು, ಎರಡು ಬಸ್ಸು ಹತ್ತಿ ಇಳಿದು ಹೋಗಿಬರುತ್ತಿದ್ದರು. ಮಂಡಿ ಊದಿಕೊಂಡಿತು. ಒಂದು ದಿನವೂ ಅರ್ಜಿ ಹಾಕಲಿಲ್ಲ, ಯಾರ ಕಾಲಿಗೂ ಬೀಳಲಿಲ್ಲ. ನೀರು ಬಿಡುವ ದಿನ ಮಾತ್ರ ಮೊದಲ ಬಸ್ಸು ಬಿಟ್ಟು ಎರಡನೆಯದಕ್ಕೆ ಹೋಗುತ್ತಿದ್ದರು. ಸ್ಟೂಲು ಹತ್ತಿ ನೀರಿನ ಮಟ್ಟ ನೋಡಿ, ‘ಸಜ್ಜಾ!’ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಚೀಲ ಹೆಗಲಿಗೇರಿಸಿಕೊಂಡು ಹೊರಡುತ್ತಿದ್ದರು.

ಕೊನೆಯ ಬಾರಿ ಅವರನ್ನು ನೋಡಿದ್ದು ತುಮಕೂರಿನ ಒಂದು ಆಸ್ಪತ್ರೆಯಲ್ಲಿ. ಎಳೆ ವಯಸ್ಸಿನ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಬಿ.ಪಿ. ನೋಡಿ, ‘ಜಾಸ್ತಿ ಇದೆ ಅಮ್ಮಾ’ ಎಂದರು. ನಾನು ಕಣ್ಣು ಮುಚ್ಚಿಕೊಂಡೆ. ಮುಂದೆ ಏನು ಬರುತ್ತದೆಂದು ಗೊತ್ತಿತ್ತು.

‘ಯಾವುದಕ್ಕಿಂತ?’

‘ನಾರ್ಮಲ್‌ಗಿಂತ ಅಮ್ಮಾ. ಟೆನ್ಶನ್ ಮಾಡ್ಕೋಬಾರ್ದು. ಎಲ್ಲರ ಜೊತೆ ಅಡ್ಜಸ್ಟ್ ಮಾಡ್ಕೊಂಡು ಹೋಗ್ಬೇಕು.’

‘ಡಾಕ್ಟ್ರೇ, ನಿಮ್ಮ ಈ ಮೆಷಿನ್ನು ಸೊನ್ನೆ ತೋರಿಸಿದ್ರೆ ಏನರ್ಥ?’

ಡಾಕ್ಟರು ನನ್ನ ಮುಖ ನೋಡಿದರು.

‘ಹೋದ್ರು ಅಂತರ್ಥ. ಅಲ್ವೇ? ಆದರೆ ಸೊನ್ನೆ ಅಂದ್ರೆ ಒತ್ತಡ ಇಲ್ಲ ಅಂತಲ್ಲ. ಸುತ್ತ ಇರೋ ಗಾಳಿಗೆ ಸಮ ಆಯ್ತು ಅಂತ. ಹೊರಗಡೆಗಿಂತ ಒಳಗೆ ಒಂದಿಷ್ಟು ಜಾಸ್ತಿ ಇದ್ರೇನೇ ರಕ್ತ ಓಡೋದು. ಅಷ್ಟು ಇಟ್ಕೊಂಡೇ ಬದುಕಿದೀನಿ. ನನ್ನ ಸಮ ಮಾಡೋಕೆ ಬರ್ಬೇಡಿ.’

ಹಾಗೆಂದು ಮಾತ್ರೆಯನ್ನು ಸುಮ್ಮನೆ ನುಂಗಿದರು. ನೀರಿನ ಲೋಟ ಕೊಟ್ಟಾಗ ಮಲಗಿದಲ್ಲಿಂದಲೇ ಒಂದು ಕಣ್ಣು ಮುಚ್ಚಿ ಅದರ ಮಟ್ಟ ನೋಡಿದರು. ನನಗೆ ಅಳು ತಡೆಯಲಾಗಲಿಲ್ಲ. ವರಾಂಡಕ್ಕೆ ಹೋಗಿ ನಿಂತುಕೊಂಡೆ. ಆಮೇಲೆ ಅವರು ಬಹಳ ದಿನ ಇರಲಿಲ್ಲ.

ಮತ್ತೆ ಸಭೆಗೆ ಬರುತ್ತೇನೆ. ಎಲ್ಲ ಮುಗಿದು ಉಪ್ಪಿಟ್ಟು ತಿನ್ನುವಾಗ ಕಾರ್ಯದರ್ಶಿಗಳು ನನ್ನ ಪಕ್ಕಕ್ಕೆ ಬಂದರು. ವಯಸ್ಸಾಗಿದೆ, ಕೋಲು ಹಿಡಿದಿದ್ದಾರೆ. ‘ಮೇಡಂ ಮನೆ ಕೀಲಿ ನಿಮ್ಮ ಹತ್ರಾನೇ ಇದೆಯಂತಲ್ಲ ಮೇಷ್ಟ್ರೇ. ಆ ಗೋಡೆ ಮೇಲಿನ ಪೈಪು ತೆಗೆಸಿಬಿಡಿ. ಇನ್ನು ನೋಡೋರು ಯಾರಿದಾರೆ?’ ಎಂದರು. ಕೀಲಿ ನನ್ನ ಹತ್ತಿರ ಇದ್ದದ್ದು ನಿಜ, ಮೇಡಂ ಅಕ್ಕನ ಮಗಳು ಕೊಟ್ಟುಹೋಗಿದ್ದಳು. ‘ತೆಗೆಯಲ್ಲ’ ಎಂಬ ಒಂದೇ ಮಾತು ಹೇಳಿ ಕೈ ತೊಳೆಯಲು ಎದ್ದೆ.

ನಿನ್ನೆ ನೀರು ಬಿಡುವ ದಿನ. ಬೆಳಿಗ್ಗೆ ರಂಗಪ್ಪ ವಾಲ್ವ್ ತಿರುಗಿಸಿ, ನಾನು ನಿಂತಿದ್ದ ಮೇಡಂ ಮನೆ ಮುಂದಕ್ಕೆ ಬಂದ. ಅವನಿಗೂ ಈಗ ತಲೆ ಪೂರ್ತಿ ಬೆಳ್ಳಗಾಗಿದೆ. ಪೈಪಿನಲ್ಲಿ ನೀರು ಸಜ್ಜಾ ಮುಟ್ಟಿ ನಿಂತಿತ್ತು. ಅಷ್ಟರಲ್ಲಿ ಎಷ್ಟೋ ವರ್ಷದ ಮೇಲೆ ಕಾರ್ಯದರ್ಶಿಗಳ ಮನೆಯಿಂದ ಭಕ್ತಿಗೀತೆ ಜೋರಾಗಿ ಶುರುವಾಯಿತು. ನೋಡುನೋಡುತ್ತಿದ್ದಂತೆ ನೀರು ಕಿಟಕಿಗೆ ಇಳಿಯಿತು. ಸೊಂಟಕ್ಕೆ ಇಳಿಯಿತು. ಆಮೇಲೆ ಪೈಪಿನಲ್ಲಿ ಕಾಣಲೇ ಇಲ್ಲ.

ರಂಗಪ್ಪ ನನ್ನ ಮುಖ ನೋಡಿದ. ‘ಸಾ, ಮೇಡಮ್ಮ ಹೋಗಿ ತಿಂಗ್ಳಾಗಿಲ್ಲ’ ಎಂದ. ನಾನು ಕೂಗಾಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಎದುರುಮನೆಯ ಪುಟ್ಟಮ್ಮ ಹೊರಗೆ ಬಂದಳು. ಕೈಯಲ್ಲಿ ಬಕೆಟ್, ಬಕೆಟ್ಟಿನಲ್ಲಿ ಓಕುಳಿ. ಅದನ್ನು ತಂದು ಮೇಡಂ ಮನೆಯ ನಲ್ಲಿಯ ಕೆಳಗಿಟ್ಟು, ಪಕ್ಕದಲ್ಲಿ ಕೈಕಟ್ಟಿ ನಿಂತಳು. ಅವಳ ಹಿಂದೆ ಇನ್ನೊಬ್ಬಳು ಬಂದಳು. ಆಮೇಲೆ ಬೀದಿಯ ಹೆಂಗಸರೆಲ್ಲ ಒಬ್ಬೊಬ್ಬರೇ ಬಂದು ಸಾಲಾಗಿ ನಿಂತರು. ಎಲ್ಲರೂ ಎರಡು ಮನೆ ಮೇಲಿನ ಆ ದೊಡ್ಡ ಮನೆಯ ಬಾಗಿಲನ್ನೇ ನೋಡುತ್ತ ನಿಂತರು.

ಕಿಟಕಿಯ ಪರದೆ ಒಮ್ಮೆ ಸರಿಯಿತು. ಸ್ವಲ್ಪ ಹೊತ್ತಿಗೆ ಭಕ್ತಿಗೀತೆ ನಡುವೆಯೇ ನಿಂತುಹೋಯಿತು. ಅದರ ಕೆಳಗಿದ್ದ ಗುಂಯ್ ಎನ್ನುವ ಸದ್ದು ಒಂದು ಕ್ಷಣ ಎಲ್ಲರಿಗೂ ಕೇಳಿ, ಅದೂ ನಿಂತಿತು.

ನಾನು ಬೀಗ ತೆಗೆದು ಒಳಗಿಂದ ಸ್ಟೂಲು ತಂದೆ. ‘ಸಾ, ಬಿದ್ದೀರಾ, ಬುಡಿ’ ಎನ್ನುತ್ತಲೇ ರಂಗಪ್ಪ ಅದನ್ನು ಗಟ್ಟಿಯಾಗಿ ಹಿಡಿದುಕೊಂಡ. ಹತ್ತಿದೆ. ಮಂಡಿ ಬಗ್ಗಿಸಿದೆ, ಒಂದು ಕಣ್ಣು ಮುಚ್ಚಿದೆ. ನೀರು ಸೊಂಟ ದಾಟಿ, ಕಿಟಕಿ ದಾಟಿ ನನ್ನ ಕಣ್ಣಿನ ಮುಂದೆಯೇ ಹತ್ತಿ ಬಂದು, ಆಕೆ ಎಳೆದ ಕೆಂಪು ಗೀಟಿನ ಹತ್ತಿರ ಒಂದಿಷ್ಟು ತೂಗಾಡಿ ನಿಂತಿತು. ಆ ದೊಡ್ಡ ಮನೆಗೆ ಕೇಳಬೇಕಿತ್ತು, ಅದಕ್ಕೇ ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ.

‘ಸಜ್ಜಾ!’